ವಿದ್ಯಾರ್ಥಿಗಳು ಚಲನಚಿತ್ರ ವಿಮರ್ಶೆ ಬರೆಯುವ ಬಗೆ



ಈಚೆಗೆ ಶಾಲಾ ಕಾಲೇಜುಗಳಲ್ಲಿ ಅಧ್ಯಾಪಕರು ಮಕ್ಕಳಿಗೆ ಒಂದು ಚಲನಚಿತ್ರವನ್ನು ನೋಡಿ, ಅದರ ವಿಮರ್ಶೆ ಬರೆದು ತರುವಂತೆ ಹೇಳುವುದುಂಟು. ಮಕ್ಕಳು ಬರೆದು ತರುವುದು ಬಹುಮಟ್ಟಿಗೆ ಎರಡು ಬಗೆಯದು. ಮೊದಲಿನಿಂದ ಕಡೆಯವರೆಗೆ ಕಥೆಯನ್ನು ಒಪ್ಪಿಸಿ, "ಚಿತ್ರ ಬಹಳ ಚೆನ್ನಾಗಿದೆ, ಎಲ್ಲರೂ ನೋಡಬೇಕು" ಎಂದು ಮುಗಿಸುವುದು ಒಂದು. ಮೊಬೈಲಿನಲ್ಲಿ ಯಾರೋ ಬರೆದುದನ್ನು ನಕಲು ಮಾಡುವುದು ಇನ್ನೊಂದು. ಮೊದಲನೆಯದು ಕಥಾಸಾರ, ಎರಡನೆಯದು ಪರರ ಎಂಜಲು. ಇವೆರಡನ್ನೂ ವಿಮರ್ಶೆಯೆಂದು ಕರೆಯಲಾಗದು.

ಕಂಡುದನ್ನು ಕಾರಣಸಹಿತವಾಗಿ ಹೇಳುವುದೇ ವಿಮರ್ಶೆ. ಇದು ನಮ್ಮ ಪರಂಪರೆಗೆ ಹೊಸದೇನೂ ಅಲ್ಲ. ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ಕಠಿಣವಾಗಿ ಪ್ರಶ್ನಿಸಿದರೆಂದೂ, ಆಕೆ ಒಂದೊಂದಕ್ಕೂ ಉತ್ತರವಿತ್ತ ಬಳಿಕವೇ ಮನ್ನಿಸಿದರೆಂದೂ ಶೂನ್ಯಸಂಪಾದನೆ ತಿಳಿಸುತ್ತದೆ. ಆ ಪ್ರಶ್ನೆಗಳಲ್ಲಿ ಅಗೌರವವಿರಲಿಲ್ಲ. ಆ ಮನ್ನಣೆಯಲ್ಲಿ ಮುಲಾಜು ಇರಲಿಲ್ಲ. ವಿಮರ್ಶೆ ಬರೆಯುವ ವಿದ್ಯಾರ್ಥಿಗೂ ಇದೇ ಮಾದರಿ.

ಇನ್ನು ಬರೆಯುವ ಕ್ರಮ. ಸಾಧ್ಯವಾದರೆ ಚಿತ್ರವನ್ನು ಎರಡು ಸಲ ನೋಡಬೇಕು. ಮೊದಲ ಸಲ ಉಳಿದ ಪ್ರೇಕ್ಷಕರಂತೆ ಮನಸಾರೆ ನೋಡಲಿ. ಎರಡನೆಯ ಸಲ ಕೈಯಲ್ಲಿ ಪೆನ್ನು, ಕಾಗದ ಇರಲಿ. ಚಿತ್ರದ ಹೆಸರು, ಭಾಷೆ, ತೆರೆಕಂಡ ವರ್ಷ, ನಿರ್ದೇಶಕರ ಹೆಸರು, ಮೂಲಕಥೆ ಯಾರದೆಂಬುದು ಆರಂಭದಲ್ಲಿಯೇ ಬರಬೇಕು. 400 ಪದಗಳ ಬರಹದಲ್ಲಿ ಕಥೆಗೆ 100 ಪದ ಸಾಕು. ಉಳಿದ ಭಾಗ ಮೂರು ಪ್ರಶ್ನೆಗಳಿಗೆ ಮೀಸಲಾಗಿರಲಿ: ಚಿತ್ರವು ಏನನ್ನು ಹೇಳಲು ಹೊರಟಿದೆ? ಅದನ್ನು ಹೇಗೆ ಹೇಳಿದೆ? ಹೇಳಿದ್ದು ಮನಸ್ಸಿಗೆ ನಾಟಿತೆ? ಪ್ರತಿಯೊಂದು ಅಭಿಪ್ರಾಯಕ್ಕೂ ಒಂದು ದೃಶ್ಯದ ಸಾಕ್ಷಿ ಬೇಕು. "ನಟನೆ ಚೆನ್ನಾಗಿದೆ" ಎಂದರೆ ಸಾಲದು. ಯಾವ ದೃಶ್ಯದಲ್ಲಿ, ಯಾವ ನೋಟದಿಂದ, ಯಾವ ಮೌನದಿಂದ ಚೆನ್ನಾಯಿತೆಂದು ಹೇಳಬೇಕು.

ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೆಚ್ಚು ತೊಡಕಾಗುವುದು ಶರಣರನ್ನು ಕುರಿತ ಚಿತ್ರಗಳಲ್ಲಿ. 1959ರಲ್ಲಿ ಟಿ. ವಿ. ಸಿಂಗ್ ಠಾಕೂರರ ನಿರ್ದೇಶನದಲ್ಲಿ 'ಜಗಜ್ಯೋತಿ ಬಸವೇಶ್ವರ' ಬಂದಿತು. ಹೊನ್ನಪ್ಪ ಭಾಗವತರು ಬಸವಣ್ಣನವರಾಗಿಯೂ ರಾಜಕುಮಾರರು ಬಿಜ್ಜಳನಾಗಿಯೂ ಅಭಿನಯಿಸಿದರು. 1983ರಲ್ಲಿ ಕೆ. ಎಸ್. ಎಲ್. ಸ್ವಾಮಿಯವರು ಅಶೋಕರಿಂದ ಬಸವಣ್ಣನವರ ಪಾತ್ರ ಮಾಡಿಸಿ 'ಕ್ರಾಂತಿಯೋಗಿ ಬಸವಣ್ಣ' ತೆಗೆದರು. 2017ರಲ್ಲಿ ಟಿ. ಎಸ್. ನಾಗಾಭರಣರ 'ಅಲ್ಲಮ' ತೆರೆಕಂಡಿತು. ಅಲ್ಲಮನ ಪಾತ್ರ ಧನಂಜಯ ಅವರದು. ಇಂಥ ಚಿತ್ರಗಳನ್ನು ಕುರಿತು ಬರೆಯುವಾಗ ಕೈಮುಗಿದರೆ ಸಾಕೆಂದು ಮಕ್ಕಳು ಭಾವಿಸುತ್ತಾರೆ. ಬಸವಣ್ಣನವರಿಗೆ ಕೈಮುಗಿಯುವುದು ಸರಿಯೇ. ಆದರೆ ವಸ್ತು ದೊಡ್ಡದಾದ ಮಾತ್ರಕ್ಕೆ ಚಿತ್ರ ದೊಡ್ಡದಾಗುವುದಿಲ್ಲ. ಬಿಜ್ಜಳನನ್ನು ಬರಿಯ ದುಷ್ಟನನ್ನಾಗಿ ತೋರಿಸಿದ್ದಾರೆಯೇ, ಒತ್ತಡಕ್ಕೆ ಸಿಲುಕಿದ ಅರಸನನ್ನಾಗಿ ತೋರಿಸಿದ್ದಾರೆಯೇ? ಕಾಯಕಜೀವಿಗಳಾದ ಶರಣರಿಗೆ ಮಾತಾಡಲು ಎಡೆ ದೊರೆತಿದೆಯೇ, ಅವರು ಗುಂಪಿನಲ್ಲಿ ನಿಂತು ತಲೆದೂಗುವವರು ಮಾತ್ರವೇ? ಇವನ್ನು ಕೇಳುವುದು ಭಕ್ತಿಗೆ ಕುಂದಲ್ಲ.

ಮೂಲವನ್ನು ಓದಿ ಹೋಲಿಸುವುದೂ ವಿಮರ್ಶೆಯ ಅಂಗವೇ. ಹರಿಹರನ ರಗಳೆಯಲ್ಲಿ ಅಲ್ಲಮನು ಕಾಮಲತೆಯೆಂಬ ಹೆಣ್ಣನ್ನು ಒಲಿದು, ಆಕೆಯ ಮರಣದಿಂದ ಕಂಗೆಟ್ಟು, ಬಳಿಕ ಅರಿವಿನ ದಾರಿ ಕಾಣುತ್ತಾನೆ. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಾದರೋ ಮಾಯೆಯೇ ಆತನನ್ನು ಗೆಲ್ಲಲಾರದೆ ಸೋಲುತ್ತಾಳೆ. ಒಂದು ಮನುಷ್ಯನ ಕಥೆ, ಇನ್ನೊಂದು ಮೊದಲಿನಿಂದಲೂ ಮಾಯೆಯನ್ನು ಮೀರಿದವನ ಕಥೆ. 'ಅಲ್ಲಮ' ಚಿತ್ರವು ಯಾವ ದಾರಿ ಹಿಡಿದಿದೆ, ಅದರಿಂದ ಪಡೆದುದೇನು, ಕಳೆದುಕೊಂಡುದೇನು ಎಂದು ವಿದ್ಯಾರ್ಥಿ ತಾನೇ ಹುಡುಕಿ ಬರೆಯಲಿ. ಸಂಗೀತಕ್ಕಾಗಿ ಆ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂದುದು ನಿಜ. ಪ್ರಶಸ್ತಿಯನ್ನು ಹೆಸರಿಸಬಹುದು, ಕಾರಣದ ಬದಲಿಗೆ ಅದನ್ನೇ ಇಡಬಾರದು.

ಆಳಂದ, ಅಫಜಲಪುರ, ಜೇವರ್ಗಿಯ ಮಕ್ಕಳು ಕೇಳಬೇಕಾದ ಇನ್ನೊಂದು ಪ್ರಶ್ನೆಯುಂಟು: ಚಿತ್ರದಲ್ಲಿ ನಮ್ಮ ಕಡೆಯ ಮಾತನ್ನು ಯಾರು ಆಡುತ್ತಾರೆ? ಎಷ್ಟೋ ಚಿತ್ರಗಳಲ್ಲಿ ನಾಯಕನದು ಒಂದು ಕನ್ನಡ, ನಗಿಸಲು ಬರುವ ಆಳಿನದು ನಮ್ಮ ಕನ್ನಡ. ಮನೆಯಲ್ಲಿ ಅವ್ವ ಆಡುವ ಮಾತು ತೆರೆಯ ಮೇಲೆ ನಗೆಗೀಡಾಗುವುದನ್ನು ನಮ್ಮ ಮಗುವಿಗಿಂತ ಬೇಗ ಯಾರು ಗುರುತಿಸಿಯಾರು? ಅದನ್ನು ಸಿಟ್ಟಿಲ್ಲದೆ, ಸಂಭಾಷಣೆಯ ಉದಾಹರಣೆಯೊಡನೆ ಬರೆದರೆ ಅದು ಬಲವಾದ ವಿಮರ್ಶೆಯಾಗುತ್ತದೆ.

ಆಳಂದ ಮತ್ತು ಅಫಜಲಪುರಗಳು ಸೊಲ್ಲಾಪುರ ಜಿಲ್ಲೆಗೆ ಹೊಂದಿಕೊಂಡಿರುವುದರಿಂದ ಇಲ್ಲಿಯವರಿಗೆ ಮರಾಠಿ ದೂರವಲ್ಲ. 2016ರ 'ಸೈರಾಟ್' ಆ ಜಿಲ್ಲೆಯವರೇ ಆದ ನಾಗರಾಜ ಮಂಜುಳೆಯವರ ಮರಾಠಿ ಚಿತ್ರ. ಮೀನುಗಾರನ ಮಗನೂ ಸಿರಿವಂತ ಮೇಲ್ಜಾತಿಯ ಮನೆಯ ಮಗಳೂ ಒಲಿದು, ಹೈದರಾಬಾದಿಗೆ ಓಡಿಹೋಗಿ, ದುಡಿದು ಸಂಸಾರ ಕಟ್ಟುತ್ತಾರೆ. ಕಡೆಗೆ ಹುಡುಗಿಯ ಬಂಧುಗಳೇ ಇಬ್ಬರನ್ನೂ ಕೊಲ್ಲುತ್ತಾರೆ. ಪತ್ರಿಕೆಗೆ ಬರೆಯುವವರು ಚಿತ್ರದ ಅಂತ್ಯವನ್ನು ಬಿಟ್ಟುಕೊಡಬಾರದು. ಆದರೆ ತರಗತಿಗೆ ಬರೆಯುವ ವಿದ್ಯಾರ್ಥಿ ಅಂತ್ಯವನ್ನು ಚರ್ಚಿಸದೆ ಈ ಚಿತ್ರವನ್ನು ಅಳೆಯಲಾರ. "ಹಾಡುಗಳು ಸೊಗಸಾಗಿವೆ" ಎಂದು ನಿಲ್ಲಿಸುವವನು ಅರ್ಧ ನೋಡಿದವನು. ಮೊದಲ ಭಾಗದಲ್ಲಿ ದೊಡ್ಡ ವಾದ್ಯಮೇಳದ ಹಾಡುಗಳು ತುಂಬಿದ್ದರೆ, ಕೊನೆಯ ದೃಶ್ಯದಲ್ಲಿ ಅವರ ಪುಟ್ಟ ಮಗು ರಕ್ತದ ಹೆಜ್ಜೆಯಿಡುತ್ತ ಹೊರಗೆ ಬರುವಾಗ ಯಾವ ಸದ್ದೂ ಇಲ್ಲ. ಆ ಮೌನವೇ ನೋಡುವವರ ಎದೆ ಹಿಂಡುತ್ತದೆ. ಹೀಗೆ ಬರೆಯುವವನು ಪೂರ್ಣ ನೋಡಿದವನು. ಈ ಕಥೆಯೇ 2017ರಲ್ಲಿ ಕನ್ನಡದಲ್ಲಿ 'ಮನಸು ಮಲ್ಲಿಗೆ'ಯಾಗಿ ಬಂದಿತು. ಎರಡನ್ನೂ ಹೋಲಿಸುವುದು ಒಳ್ಳೆಯ ಅಭ್ಯಾಸ.

ಇಲ್ಲಿ ತಂದೆತಾಯಿಗಳಿಗೆ ಒಂದು ಮಾತು. ಇಂಥ ಚಿತ್ರವನ್ನು ನೋಡಿದ ಮಗಳು "ಜಾತಿಯ ಮಾನಕ್ಕಾಗಿ ಮಕ್ಕಳನ್ನು ಕೊಲ್ಲುವುದು ಯಾವ ಮಾನ?" ಎಂದು ಪುಸ್ತಕದಲ್ಲಿ ಬರೆದಾಳು. "ನಮ್ಮ ಊರಿನಲ್ಲಾದರೆ ಏನಾಗುತ್ತಿತ್ತು?" ಎಂದೂ ಕೇಳಿಯಾಳು. ನೋಡಿದವರು ಏನೆಂದಾರೋ ಎಂಬ ಅಂಜಿಕೆಯಿಂದ ಆ ಸಾಲನ್ನು ಹೊಡೆದುಹಾಕಿಸಬೇಡಿ. ಕಲ್ಯಾಣದಲ್ಲಿ ಹರಳಯ್ಯ ಮಧುವರಸರು ಜಾತಿಯನ್ನು ಮೀರಿ ಬೀಗರಾದುದಕ್ಕೆ ಪ್ರಾಣವನ್ನೇ ತೆತ್ತರೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಪುರಾಣ ಕೇಳುವಾಗ ಕಣ್ಣೀರಿಟ್ಟು, ಮಗಳು ಅದನ್ನೇ ಇಂದಿನ ಮಾತಿನಲ್ಲಿ ಬರೆದಾಗ ಕಣ್ಣು ಕೆಂಪಗೆ ಮಾಡಿದರೆ, ನಾವು ಕೇಳಿದ ಪುರಾಣಕ್ಕೆ ಫಲವೇನು? ಆಕೆಯ ತೀರ್ಪು ನಿಮಗೆ ಒಪ್ಪಿಗೆಯಾಗದಿದ್ದರೆ ಕಾರಣ ಕೇಳಿ, ನಿಮ್ಮ ಕಾರಣ ಹೇಳಿ. ಬರಹವು ಮಾತ್ರ ಆಕೆಯದಾಗಿಯೇ ಉಳಿಯಲಿ.

ಮಕ್ಕಳೇ, ಮುಂದಿನ ರಜೆಯಲ್ಲಿ ಮನೆಯ ಹಿರಿಯರೊಡನೆ ಕುಳಿತು ಒಂದು ಚಿತ್ರ ನೋಡಿರಿ. ಅಜ್ಜಿಗೆ ಏಕೆ ಮೆಚ್ಚಾಯಿತು, ನಿಮಗೆ ಏಕೆ ಮೆಚ್ಚಾಗಲಿಲ್ಲ ಎಂದು ಪರಸ್ಪರ ಕೇಳಿಕೊಳ್ಳಿರಿ. ಬೆಳಗಾಗುವುದರೊಳಗೆ, ಬೇರೆಯವರ ಬರಹ ನೋಡುವ ಮುನ್ನ, ಒಂದು ಪುಟ ಬರೆಯಿರಿ. ಅಕ್ಷರದೋಷವನ್ನು ಗುರುಗಳು ತಿದ್ದಿಯಾರು. ಮನಸ್ಸಿನಲ್ಲಿ ಒಂದು, ಬರಹದಲ್ಲಿ ಇನ್ನೊಂದು ಇದ್ದರೆ ಅದನ್ನು ನೀವೇ ತಿದ್ದಿಕೊಳ್ಳಬೇಕು.