ಕಡ್ಡಾಯ ಲಸಿಕೆಯಿಂದಾದ ಹಾನಿ: ಇಟಲಿಯ ಪರಿಹಾರ ಕಾಯ್ದೆಯಲ್ಲಿ ವೈದ್ಯಕೀಯ ಮಂಡಳಿಯ ಪಾತ್ರ

ಸಮಾಜದ ಹಿತಕ್ಕಾಗಿ ಕಡ್ಡಾಯಗೊಳಿಸಿದ ಲಸಿಕೆಯಿಂದ ವ್ಯಕ್ತಿಗೆ ಹಾನಿಯಾದಲ್ಲಿ ಅದರ ಹೊರೆಯನ್ನು ಸಮಾಜವೂ ಹೊರತಕ್ಕದ್ದೆಂಬ ತತ್ವವನ್ನು ಇಟಲಿಯ ಸಂವಿಧಾನ ನ್ಯಾಯಾಲಯವು 1990ರಲ್ಲಿ, ಪೋಲಿಯೋ ಲಸಿಕೆಯ ಪ್ರಕರಣದಲ್ಲಿ ಎತ್ತಿಹಿಡಿಯಿತು. ತದನಂತರ 1992ರ 210ನೇ ಕಾಯ್ದೆಯು ಜಾರಿಗೆ ಬಂದಿತು. 2017ರಲ್ಲಿ ಮಕ್ಕಳಿಗೆ 10 ಲಸಿಕೆಗಳನ್ನು ಕಡ್ಡಾಯಗೊಳಿಸಿದ ಮೇಲೆ ಈ ಕಾಯ್ದೆಯ ಮಹತ್ವವು ಹೆಚ್ಚಿದೆ.

ಪರಿಹಾರ ಪಡೆಯಲು ಯಾರ ತಪ್ಪನ್ನೂ ರುಜುವಾತುಪಡಿಸಬೇಕಾಗಿಲ್ಲ. ಆದರೆ ಹಾನಿಯು ಶಾಶ್ವತವಾದುದೆಂದೂ ಲಸಿಕೆಯೇ ಅದಕ್ಕೆ ಕಾರಣವೆಂದೂ ಸ್ಥಾಪಿತವಾಗಬೇಕು. ಈ ಕುರಿತು ಸೇನಾ ಆಸ್ಪತ್ರೆಯ ವೈದ್ಯಕೀಯ ಮಂಡಳಿಯು ಅಭಿಪ್ರಾಯ ನೀಡುತ್ತದೆ ಹಾಗೂ ಹಾನಿಯ ತೀವ್ರತೆಯನ್ನು 8 ವರ್ಗಗಳ ಪೈಕಿ ಒಂದರಲ್ಲಿ ನಿಗದಿಪಡಿಸುತ್ತದೆ. ಪರಿಹಾರದ ಮೊತ್ತವು ಈ ವರ್ಗವನ್ನು ಅವಲಂಬಿಸಿರುತ್ತದೆ.

ಲಸಿಕೆಯ ನಂತರ ಕಾಯಿಲೆ ಬಂದಿತೆಂಬ ಮಾತ್ರಕ್ಕೆ ಲಸಿಕೆಯಿಂದಲೇ ಬಂದಿತೆಂದು ಸಿದ್ಧವಾಗುವುದಿಲ್ಲ. ಆದ್ದರಿಂದ ಅರ್ಜಿಯೊಂದಿಗೆ ಕೆಳಕಂಡ ವಿವರಗಳ ದಾಖಲೆಗಳನ್ನು ಲಗತ್ತಿಸತಕ್ಕದ್ದು:

1. ಲಸಿಕೆಯ ವಿವರ ಮತ್ತು ಪಡೆದ ದಿನಾಂಕ
2. ತರುವಾಯ ಕಂಡುಬಂದ ರೋಗಲಕ್ಷಣಗಳು
3. ಉಳಿದುಕೊಂಡಿರುವ ಹಾನಿಯ ಪ್ರಮಾಣ

ಹಾನಿಯು ಅರಿವಿಗೆ ಬಂದ 3 ವರ್ಷಗಳೊಳಗೆ ಅರ್ಜಿ ಸಲ್ಲಿಸಬೇಕು. ಮಂಡಳಿಯ ಅಭಿಪ್ರಾಯಕ್ಕೆ ಆಕ್ಷೇಪಣೆಯಿದ್ದಲ್ಲಿ 30 ದಿನಗಳೊಳಗೆ ಆರೋಗ್ಯ ಸಚಿವರಿಗೆ ಮೇಲ್ಮನವಿ ಸಲ್ಲಿಸಬಹುದು. ಬಳಿಕ ನ್ಯಾಯಾಲಯಕ್ಕೂ ಹೋಗಬಹುದು. ಅಲ್ಲಿ ನ್ಯಾಯಾಧೀಶರು ನೇಮಿಸುವ ತಜ್ಞರು ಅದೇ ದಾಖಲೆಗಳನ್ನು ಪುನಃ ಪರಿಶೀಲಿಸುತ್ತಾರೆ. ತಪ್ಪನ್ನು ರುಜುವಾತುಪಡಿಸುವ ಹೊರೆಯನ್ನು ಕಾಯ್ದೆಯು ಇಳಿಸಿದೆಯಾದರೂ ಕಾರಣವನ್ನು ತೋರಿಸುವ ಹೊರೆಯು ಅರ್ಜಿದಾರರ ಮೇಲೆಯೇ ಉಳಿದಿದೆ. ಮೊದಲ ದಿನದಿಂದಲೇ ಕಾಯ್ದಿರಿಸಿದ ದಾಖಲೆಗಳೇ ಅವರಿಗೆ ಆಧಾರ.