ಯಂತ್ರ ಪರಿಚಯ: ಎರಡನೆಯ ಸಿಲಿಂಡರು ಏತಕ್ಕೆ?

ತಾಳವಾಡಿ ಕಡೆಯ ನಮ್ಮ ಹಿರಿಯ ವಾಚಕರೊಬ್ಬರು ಈ ತಿಂಗಳು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಅವರ ಚಿರಂಜೀವಿಯು ಹೊಸೂರಿನ ಕಾರ್ಖಾನೆಯೊಂದರಲ್ಲಿ ಉದ್ಯೋಗಸ್ಥನು. ಮೂರು ವರ್ಷಗಳಿಂದ ಕೂಡಿಟ್ಟ ಹಣಕ್ಕೆ ಅಷ್ಟಿಷ್ಟು ಸಾಲವನ್ನೂ ಸೇರಿಸಿ, ರಾಯಲ್ ಎನ್‌ಫೀಲ್ಡ್ ಸಂಸ್ಥೆಯ 650 ಸಿ.ಸಿ.ಯ ಜೋಡಿ ಸಿಲಿಂಡರಿನ ‘ಇಂಟರ್‌ಸೆಪ್ಟರ್’ ಮೋಟಾರ್ ಸೈಕಲನ್ನು ಕೊಳ್ಳಬೇಕೆಂಬುದು ಅವನ ಹಂಬಲ. ತಾಯಿಗೆ ಭಯ, ತಂದೆಗೆ ಸಂಶಯ. “ಒಂದೇ ಸಿಲಿಂಡರಿನ ಗಾಡಿಯಲ್ಲಿ ನಾನು ಮೂವತ್ತು ವರ್ಷ ಓಡಾಡಿದವನು. ಒಂದು ಮಾಡುವ ಕೆಲಸಕ್ಕೆ ಎರಡು ಏತಕ್ಕೆ? ಇದು ಅಗತ್ಯವೋ ಆಡಂಬರವೋ ತಾವೇ ತಿಳಿಸಬೇಕು. ಮಗನು ನನ್ನ ಮಾತನ್ನು ಕೇಳುವುದಿಲ್ಲ, ಅಚ್ಚಾದ ಮಾತನ್ನು ಕೇಳಿಯಾನು” ಎಂದು ಅವರು ಬರೆದಿದ್ದಾರೆ. ಈ ಚರ್ಚೆಯು ಇಂದು ಅನೇಕ ಮನೆಗಳ ಜಗಲಿಯ ಮೇಲೆ ನಡೆಯುತ್ತಿರುವುದರಿಂದ ಉತ್ತರವನ್ನು ಖಾಸಗಿಯಾಗಿ ಬರೆಯದೆ ಈ ಅಂಕಣದಲ್ಲಿಯೇ ಕೊಡುತ್ತಿದ್ದೇವೆ.

ನಾಲ್ಕು ಹೊಡೆತಗಳ ಎಂಜಿನ್ನಿನಲ್ಲಿ ಕ್ರ್ಯಾಂಕು ಎರಡು ಸುತ್ತು ತಿರುಗುವಷ್ಟರಲ್ಲಿ ಪ್ರತಿಯೊಂದು ಸಿಲಿಂಡರಿನಲ್ಲಿಯೂ ಒಂದೇ ಒಂದು ಸಲ ಇಂಧನವು ಸ್ಫೋಟಿಸಿ ಶಕ್ತಿಯನ್ನು ಕೊಡುತ್ತದೆ. ಉಳಿದ ಮೂರು ನಡೆಗಳಲ್ಲಿ ಪಿಸ್ಟನ್ನು ದುಡಿಯುವುದಿಲ್ಲ. ಫ್ಲೈವೀಲು ಅದನ್ನು ಎಳೆದುಕೊಂಡು ಹೋಗುತ್ತದೆ. ಒಬ್ಬಾಕೆಯೇ ಭಾರವಾದ ಒನಕೆಯಿಂದ ಭತ್ತ ಕುಟ್ಟುವುದನ್ನು ನೆನೆಯಿರಿ. ಪೆಟ್ಟು ಜೋರಾಗಿಯೇ ಬೀಳುತ್ತದೆ, ಆದರೆ ಪೆಟ್ಟಿಗೂ ಪೆಟ್ಟಿಗೂ ನಡುವೆ ಬಹಳ ಬಿಡುವು. ಅದೇ ಒರಳಿಗೆ ಇಬ್ಬರು ಹಗುರವಾದ ಒನಕೆಗಳನ್ನು ಹಿಡಿದು ಸರದಿಯಂತೆ ಕುಟ್ಟಿದರೆ ಪೆಟ್ಟುಗಳು ಮೃದುವಾಗಿ ಬೇಗಬೇಗನೆ ಬೀಳುತ್ತವೆ, ಕೆಲಸವೂ ಸರಾಗವಾಗುತ್ತದೆ. ಎರಡನೆಯ ಸಿಲಿಂಡರಿನ ಮೂಲ ಪ್ರಯೋಜನವು ಇಷ್ಟೇ. ಪಿಸ್ಟನ್ನುಗಳು ಚಿಕ್ಕವೂ ಹಗುರವೂ ಆಗುವುದರಿಂದ ಎಂಜಿನ್ನು ಆಯಾಸವಿಲ್ಲದೆ ಹೆಚ್ಚು ಸುತ್ತು ತಿರುಗಬಲ್ಲದು. ಹಳೆಯ 350ರ ಬುಲೆಟ್ಟಿನಲ್ಲಿ ಪಿಸ್ಟನ್ನು 90 ಮಿ.ಮೀ. ದೂರ ಏರಿಳಿಯಬೇಕಾಗಿತ್ತು. ಅದರ ಹೆಚ್ಚುಕಡಮೆ ಇಮ್ಮಡಿ ಗಾತ್ರದ ಈ 648 ಸಿ.ಸಿ.ಯ ಎಂಜಿನ್ನಿನಲ್ಲಿ ಆ ದೂರವು 67.8 ಮಿ.ಮೀ. ಮಾತ್ರ.

ಈ ವಿಚಾರವನ್ನು ಜನಸಾಮಾನ್ಯರ ವಾಹನಕ್ಕೆ ಇಳಿಸಿದ ಕೀರ್ತಿ ಇಂಗ್ಲೆಂಡಿನ ಎಡ್ವರ್ಡ್ ಟರ್ನರ್ ಎಂಬ ವಿನ್ಯಾಸಕನಿಗೆ ಸಲ್ಲಬೇಕು. ಕೊವೆಂಟ್ರಿ ನಗರದ ಟ್ರಯಂಫ್ ಕಾರ್ಖಾನೆಯಲ್ಲಿ ಅವನು ರೂಪಿಸಿದ ‘ಸ್ಪೀಡ್ ಟ್ವಿನ್’ 1937ರಲ್ಲಿ ಪ್ರಕಟವಾಯಿತು. ಅದರ ಗಾತ್ರ 498 ಸಿ.ಸಿ.; ಶಕ್ತಿ 27 ಅಶ್ವಶಕ್ತಿಯ ಆಸುಪಾಸು. ಜೋಡಿ ಸಿಲಿಂಡರಿನ ವಾಹನಗಳು ಅದಕ್ಕೂ ಮುನ್ನ ಇರಲಿಲ್ಲವೆಂದಲ್ಲ. ಟ್ರಯಂಫ್ ಸಂಸ್ಥೆಯೇ 1933ರಲ್ಲಿ ವಾಲ್ ಪೇಜ್ ಎಂಬವನ ವಿನ್ಯಾಸದ 650 ಸಿ.ಸಿ.ಯ ಭಾರಿ ವಾಹನವೊಂದನ್ನು ಹೊರತಂದಿತ್ತು. ಟರ್ನರನ ಜಾಣ್ಮೆಯಿದ್ದುದು ಮಿತವ್ಯಯದಲ್ಲಿ. ಎರಡು ಸಿಲಿಂಡರುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಒಂದು ಸಿಲಿಂಡರಿನ ವಾಹನದ ಚೌಕಟ್ಟಿನೊಳಗೇ ಹಿಡಿಸುವಂತೆ ಎಂಜಿನ್ನನ್ನು ಅವನು ಕಿರಿದುಗೊಳಿಸಿದನು. ಮುಂದಿನ ಮೂರು ದಶಕಗಳ ಕಾಲ ಇಂಗ್ಲೆಂಡಿನ ಬಹುತೇಕ ಕಾರ್ಖಾನೆಗಳು ಅವನ ಹಾದಿಯನ್ನೇ ಹಿಡಿದವು.

ಆದರೆ ಆ ವಿನ್ಯಾಸದಲ್ಲಿ ಒಂದು ದೋಷವಿತ್ತು. ಟರ್ನರನ ಎಂಜಿನ್ನಿನಲ್ಲಿ ಎರಡೂ ಪಿಸ್ಟನ್ನುಗಳು ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿದ್ದವು. ಸ್ಫೋಟ ಮಾತ್ರ ಸರದಿಯಂತೆ. ಶಕ್ತಿಯೇನೋ ಸಮನಾಗಿ ಬಂದಿತು. ಆದರೆ ಎರಡು ಪಿಸ್ಟನ್ನುಗಳ ಭಾರವೂ ಒಮ್ಮೆಲೇ ಮೇಲೆ ಹೋಗಿ ಒಮ್ಮೆಲೇ ಕೆಳಗೆ ಬರುವುದರಿಂದ, ಅಲುಗಾಟದ ಮಟ್ಟಿಗೆ ಅದು ಒಂದು ಸಿಲಿಂಡರಿನ ಎಂಜಿನ್ನೇ ಆಗಿ ಉಳಿಯಿತು. ಐನೂರು ಸಿ.ಸಿ.ಗೆ ಅದು ಸಹ್ಯ. ಕಾಲಕ್ರಮದಲ್ಲಿ ಗಾತ್ರವು 650, 750 ಎಂದು ಬೆಳೆದಂತೆಲ್ಲ ಸವಾರನ ಕೈಗಳು ಜೋಮು ಹಿಡಿಯತೊಡಗಿದವು. ನಾರ್ಟನ್ ಸಂಸ್ಥೆಯು 1967ರಲ್ಲಿ ತೋರಿಸಿದ ‘ಕಮಾಂಡೋ’ ವಾಹನದಲ್ಲಿ ಎಂಜಿನ್ನನ್ನೂ ಗೇರುಪೆಟ್ಟಿಗೆಯನ್ನೂ ಹಿಂಚಕ್ರದ ತೋಳನ್ನೂ ಒಂದುಗೂಡಿಸಿ ರಬ್ಬರಿನ ಆಧಾರಗಳ ಮೇಲೆ ಕೂರಿಸಿತು. ಕಂಪನವು ನಿಲ್ಲಲಿಲ್ಲ; ಸವಾರನನ್ನು ಮುಟ್ಟದಂತೆ ಮಾಡಿದರು, ಅಷ್ಟೆ. ಆ ನಾರ್ಟನ್ ಸಂಸ್ಥೆಯನ್ನು 2020ರ ಏಪ್ರಿಲಿನಲ್ಲಿ ಕೊಂಡುಕೊಂಡವರು, ನಮ್ಮ ಹೊಸೂರಿನಲ್ಲಿ ಕಾರ್ಖಾನೆಯುಳ್ಳ ಟಿ.ವಿ.ಎಸ್. ಮೋಟಾರ್ ಸಂಸ್ಥೆಯವರು ಎಂಬುದನ್ನು ವಾಚಕರು ಬಲ್ಲರು.

ಜಪಾನಿನವರು ಬೇರೊಂದು ದಾರಿಯನ್ನು ಹಿಡಿದರು. ಒಂದು ಪಿಸ್ಟನ್ನು ಏರುವಾಗ ಇನ್ನೊಂದು ಇಳಿಯುವಂತೆ, ಕ್ರ್ಯಾಂಕಿನ ಎರಡು ಗೂಟಗಳನ್ನು ಎದುರುಬದುರಾಗಿ, ಎಂದರೆ 180 ಅಂಶಗಳ ಅಂತರದಲ್ಲಿ ಇರಿಸಿದರು. ನೇರವಾದ ಕುಲುಕಾಟವು ಇದರಿಂದ ತಗ್ಗಿತು. ಆದರೆ ಬಲಕ್ಕೊಮ್ಮೆ ಎಡಕ್ಕೊಮ್ಮೆ ತೂಗುವ ಬೇರೆ ಅಲುಗಾಟ ಹುಟ್ಟಿಕೊಂಡಿತು.

ಮೂರನೆಯ ದಾರಿಯೇ ನಮ್ಮ ವಾಚಕರ ಮಗನು ಮೆಚ್ಚಿರುವ ವಾಹನದಲ್ಲಿರುವುದು. ಯಮಾಹಾ ಸಂಸ್ಥೆಯು 1995ರ ಟಿ.ಆರ್.ಎಕ್ಸ್. 850 ವಾಹನದಲ್ಲಿ ಇದನ್ನು ಬಳಕೆಗೆ ತಂದಿತು. ಇದರಲ್ಲಿ ಎರಡು ಗೂಟಗಳ ಅಂತರವು 270 ಅಂಶಗಳು. ಉಯ್ಯಾಲೆಯು ಎರಡು ತುದಿಗಳಲ್ಲಿ ಅರೆಕ್ಷಣ ನಿಂತು, ನಡುವೆ ಬಂದಾಗ ಅತಿ ವೇಗವಾಗಿ ಸಾಗುತ್ತದಲ್ಲವೆ? ಪಿಸ್ಟನ್ನೂ ಹಾಗೆಯೇ. ಹಿಂದಿನ ಎರಡು ವಿನ್ಯಾಸಗಳಲ್ಲಿಯೂ ಎರಡು ಪಿಸ್ಟನ್ನುಗಳು ಒಂದೇ ಕ್ಷಣದಲ್ಲಿ ನಿಂತು ಒಂದೇ ಕ್ಷಣದಲ್ಲಿ ಓಡುತ್ತಿದ್ದವು. 270 ಅಂಶಗಳ ಕ್ರ್ಯಾಂಕಿನಲ್ಲಾದರೋ ಒಂದು ತುದಿಯಲ್ಲಿ ನಿಂತಾಗ ಇನ್ನೊಂದು ನಡುದಾರಿಯಲ್ಲಿ ಓಡುತ್ತಿರುತ್ತದೆ. ಒಂದರ ನಿಲುಗಡೆಯನ್ನು ಇನ್ನೊಂದರ ಓಟವು ತುಂಬಿಕೊಡುತ್ತದೆ. ಉಳಿದ ಕಂಪನವನ್ನು ಅಡಗಿಸಲು ಎಂಜಿನ್ನಿನೊಳಗೆ ಒಂದು ತೂಗುದಂಡವು ತಿರುಗುತ್ತಿರುತ್ತದೆ. ಸ್ಫೋಟಗಳು 270 ಹಾಗೂ 450 ಅಂಶಗಳ ಅಸಮ ಅಂತರದಲ್ಲಿ ಆಗುವುದರಿಂದಲೇ ಆ ವಾಹನದ ಸದ್ದಿಗೆ ಕುದುರೆಯ ನಾಗಾಲೋಟದ ಲಯವು ಬಂದಿದೆ. ಯುವಕರಿಗೆ ಆ ಸದ್ದು ಹಿಡಿಸುವುದು ಸಹಜವೇ. ಆದರೆ ಅದು ಶೋಕಿಗಾಗಿ ಜೋಡಿಸಿದುದಲ್ಲ, ಲೆಕ್ಕಾಚಾರದ ಫಲವೆಂಬುದನ್ನು ತಂದೆಯವರು ಗಮನಿಸಬೇಕು.

ಈ ಇಂಟರ್‌ಸೆಪ್ಟರ್ 2017ರ ನವೆಂಬರಿನಲ್ಲಿ ಇಟಲಿಯ ಮಿಲಾನ್ ಪ್ರದರ್ಶನದಲ್ಲಿ ಕಾಣಿಸಿಕೊಂಡು, ಮರುವರ್ಷ ನವೆಂಬರಿನಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದಿತು. ಹೆಸರು 1960ರ ದಶಕದ ಇಂಗ್ಲಿಷ್ ವಾಹನವೊಂದರದು. ತಯಾರಿಕೆ ಚೆನ್ನೈ ಸಮೀಪದ್ದು. ಸುಮಾರು 47 ಅಶ್ವಶಕ್ತಿ, ಆರು ಗೇರುಗಳು, ಗಾಳಿ ಮತ್ತು ಎಣ್ಣೆಯಿಂದ ತಂಪಾಗುವ ಎಂಜಿನ್ನು, ಇಂಗ್ಲೆಂಡಿನ ಹ್ಯಾರಿಸ್ ಪರ್ಫಾರ್ಮೆನ್ಸ್ ತಜ್ಞರ ನೆರವಿನಿಂದ ರೂಪಿಸಿದ ಉಕ್ಕಿನ ಕೊಳವೆಗಳ ಚೌಕಟ್ಟು ಇವು ಅದರ ಮುಖ್ಯಾಂಶಗಳು. ಅತಿ ವೇಗದ ಬೆನ್ನು ಹತ್ತದೆ, ಕಡಮೆ ಸುತ್ತಿನಲ್ಲಿಯೂ ಎಳೆಯಬಲ್ಲ ಬಲವನ್ನು ಅದಕ್ಕೆ ಕೊಟ್ಟಿದ್ದಾರೆ. ಆದುದರಿಂದ ಅದನ್ನು ಆಡಂಬರವೆಂದು ನಾವು ಹೇಳಲಾರೆವು.

ಇನ್ನು ತಾಯಿಯವರ ಭಯದ ಮಾತು. ಅದಕ್ಕೂ ಆಧಾರವಿದೆಯೆಂದೇ ನಮ್ಮ ಅಭಿಪ್ರಾಯ. 1983ರಲ್ಲಿ ಎಸ್ಕಾರ್ಟ್ಸ್ ಸಂಸ್ಥೆಯು ಯಮಾಹಾ ವಿನ್ಯಾಸದ ‘ರಾಜದೂತ್ 350’ ಎಂಬ ಎರಡು ಸಿಲಿಂಡರಿನ ವಾಹನವನ್ನು ನಮ್ಮಲ್ಲಿ ತಂದಿತು. ಶಕ್ತಿಯಲ್ಲಿ ಆ ಕಾಲಕ್ಕೆ ಅದಕ್ಕೆ ಸಮಾನವಾದುದು ಇಲ್ಲಿ ಇರಲಿಲ್ಲ. ಆದರೆ ಜಪಾನಿನ ಮೂಲದಲ್ಲಿದ್ದ ಮುಂದಿನ ಡಿಸ್ಕ್ ಬ್ರೇಕನ್ನು ತೆಗೆದು ಡ್ರಮ್ ಬ್ರೇಕನ್ನು ಹಾಕಿದ್ದರು. ಓಟಕ್ಕೆ ತಕ್ಕ ನಿಲುಗಡೆ ಇಲ್ಲವಾಯಿತು. ಆ ಕಾಲದ ಹಿರಿಯರು ಅಂತಹ ಗಾಡಿಗೆ ಅಂಜಿದ್ದರೆ ಅದು ಅವಿವೇಕವಲ್ಲ. ಈಗಿನ ಇಂಟರ್‌ಸೆಪ್ಟರಿಗೆ ಮುಂದೆ 320 ಮಿ.ಮೀ., ಹಿಂದೆ 240 ಮಿ.ಮೀ. ಡಿಸ್ಕುಗಳಿದ್ದು, ಚಕ್ರವು ಬಿಗಿದುಕೊಳ್ಳದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯೂ ಇದೆ. ಇಳಿಜಾರಿನಲ್ಲಿ ಗೇರು ತಗ್ಗಿಸಿದಾಗ ಹಿಂಚಕ್ರವು ಜಾರದಂತೆ ನೋಡಿಕೊಳ್ಳುವ ಕ್ಲಚ್ಚೂ ಇದೆ. ತಾಳವಾಡಿಯಿಂದ ಸತ್ಯಮಂಗಲಕ್ಕೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕಾದವರಿಗೆ ಇದರ ಬೆಲೆಯನ್ನು ನಾವು ವಿವರಿಸಬೇಕಾಗಿಲ್ಲ.

ಹೀಗಿದ್ದರೂ ಯಂತ್ರವು ಪ್ರಕೃತಿಯ ನಿಯಮವನ್ನು ಮೀರಲಾರದು. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವು ನಾಲ್ಮಡಿಯಾಗುತ್ತದೆ. ಒಂದು ಸಿಲಿಂಡರಿನ ಹಳೆಯ ಗಾಡಿಯು ಎಂಬತ್ತು ಕಿ.ಮೀ. ವೇಗದಲ್ಲಿ ನಡುಗಿ, ಸದ್ದುಮಾಡಿ, “ಇನ್ನು ಸಾಕು” ಎಂದು ಸವಾರನನ್ನು ಎಚ್ಚರಿಸುತ್ತಿತ್ತು. ಈ ಜೋಡಿ ಸಿಲಿಂಡರಿನ ಗಾಡಿಯು ನೂರರಲ್ಲಿಯೂ ನಡುಗುವುದಿಲ್ಲ. ಎಂಬತ್ತು ವರ್ಷಗಳ ಶ್ರಮದಿಂದ ವಿನ್ಯಾಸಕರು ನಿವಾರಿಸಿದ ಕಂಪನದೊಡನೆ ಆ ಎಚ್ಚರಿಕೆಯೂ ಹೊರಟುಹೋಗಿದೆ. ಅದನ್ನು ಇನ್ನು ಸವಾರನ ವಿವೇಕವೇ ಕೊಡಬೇಕು. ಮಗನಿಗೆ ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ.

ವೆಚ್ಚದ ಬಗೆಗೆ ಎರಡು ಮಾತು. 350 ಸಿ.ಸಿ.ಗಿಂತ ಮೇಲ್ಪಟ್ಟ ಮೋಟಾರ್ ಸೈಕಲುಗಳ ಮೇಲಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇಕಡಾ 40ಕ್ಕೆ ಏರಿತು; 350ರವರೆಗಿನವುಗಳ ಮೇಲೆ ಅದು 18ಕ್ಕೆ ಇಳಿಯಿತು. ಎರಡನೆಯ ಸಿಲಿಂಡರಿಗೆ ತೆತ್ತ ಬೆಲೆಯಲ್ಲಿ ಸರಕಾರದ ಪಾಲೂ ದೊಡ್ಡದೇ. ನಿತ್ಯವೂ ಕಾರ್ಖಾನೆಗೆ ಹೋಗಿಬರುವುದಷ್ಟೇ ಕೆಲಸವಾದರೆ ಚಿಕ್ಕ ಗಾಡಿಯೇ ಧಾರಾಳ ಸಾಕು. ತಿಂಗಳಿಗೆರಡು ಸಲ ಹೊಸೂರಿನಿಂದ ಬೆಂಗಳೂರು, ಚಾಮರಾಜನಗರಗಳ ಮೇಲಾಗಿ ಊರಿಗೆ ಬಂದು ತಂದೆತಾಯಿಯರ ಮುಖ ನೋಡಿ ಹೋಗುವ ಹುಡುಗನಾದರೆ, ದೂರದ ಪಯಣದಲ್ಲಿ ಸೋಲದ ವಾಹನವನ್ನು ಅವನು ಬಯಸಿದುದು ತಪ್ಪಲ್ಲ.

ಕೊನೆಯದಾಗಿ ಒಂದು ಪರೀಕ್ಷೆ. ಇಂಧನವಿಲ್ಲದೆಯೇ ಆ ವಾಹನದ ತೂಕ 202 ಕಿಲೋ, ಎಂದರೆ ನಾಲ್ಕು ಸಿಮೆಂಟು ಚೀಲಗಳಷ್ಟು. ಮುಂಗಡ ಕೊಡುವ ಮೊದಲು ಮಗನು ಅಂಗಡಿಯ ಮುಂದೆ ಎಂಜಿನ್ನನ್ನು ನಿಲ್ಲಿಸಿ, ಅದನ್ನು ಹಿಂದಕ್ಕೆ ತಳ್ಳಿ, ತಿರುಗಿಸಿ, ಸ್ಟ್ಯಾಂಡಿಗೆ ಹಾಕಿ ನೋಡಲಿ. ತಂದೆಯವರೂ ಜೊತೆಗಿರಲಿ. ಅದು ಅವನ ಕೈಗೆ ಬಗ್ಗಿದರೆ, ಮೊದಲ ದಿನವೇ ಎರಡು ಒಳ್ಳೆಯ ಹೆಲ್ಮೆಟ್ಟುಗಳನ್ನೂ ಕೊಳ್ಳಲಿ. ಎರಡನೆಯದು ಹಿಂದೆ ಕುಳಿತು ದೇವಸ್ಥಾನಕ್ಕೆ ಹೋಗಿಬರಬೇಕಾದ ತಾಯಿಯವರಿಗೆ. ತೀರ್ಮಾನವು ತಮ್ಮ ಮನೆಯದು. ಏನಾಯಿತೆಂದು ಒಂದು ಕಾಗದ ಬರೆದರೆ ನಮಗೆ ಸಂತೋಷ.