ಅಂಬರನಾಥ ಶಿವಾಲಯದ ಜಾತ್ರೆ ಬಯಲನ್ನು ಉಳಿಸಿಕೊಳ್ಳಲು ಅವಕಾಶ ಕೋರಿ ಮನವಿ ಪತ್ರ

ಗೆ,
ಅಧೀಕ್ಷಕ ಪುರಾತತ್ತ್ವವಿದರು,
ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ, ಮುಂಬಯಿ ವಲಯ.

ಪ್ರತಿಗಳು: ಜಿಲ್ಲಾಧಿಕಾರಿಗಳು, ಥಾಣೆ, ಮುಖ್ಯಾಧಿಕಾರಿಗಳು, ಅಂಬರನಾಥ ನಗರ ಪರಿಷತ್ತು, ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ.

ವಿಷಯ: ಮಹಾಶಿವರಾತ್ರಿ ಜಾತ್ರೆ ನಡೆಯುವ ಬಯಲು ಹಾಗೂ ವಾಲಧುನಿ ನದೀತೀರದ ರಕ್ಷಣೆಗೆ ಸಾರ್ವಜನಿಕರ ದೇಣಿಗೆ ಮತ್ತು ಶ್ರಮದಾನವನ್ನು ಸ್ವೀಕರಿಸುವ ಬಗ್ಗೆ.

ಮಾನ್ಯರೇ,

ಥಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿ ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರು ನಾವು. ಕರಾವಳಿಯಿಂದ ಬಂದು ಹೋಟೆಲು ನಡೆಸುವವರು, ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಬಂದು ಕಟ್ಟಡಗಳಲ್ಲಿ ದುಡಿಯುವವರು, ಶಾಲೆ, ಬ್ಯಾಂಕು, ಕಾರ್ಖಾನೆಗಳ ನೌಕರರು, ನಿವೃತ್ತರು, ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಎಲ್ಲರೂ ನಮ್ಮಲ್ಲಿದ್ದಾರೆ. ಶಿವರಾತ್ರಿಯ ದಿನ ಸೆಂಟ್ರಲ್ ರೈಲ್ವೆಯ ಲೋಕಲ್ ಹಿಡಿದು ಅಂಬರನಾಥಕ್ಕೆ ಬರುವ ಅಪಾರ ಜನಸಾಗರದಲ್ಲಿ ನಾವೂ ಇರುತ್ತೇವೆ. ಮರಾಠಿ, ಸಿಂಧಿ, ಗುಜರಾತಿ, ತೆಲುಗು, ಹಿಂದಿ ಮಾತಾಡುವ ನೆರೆಹೊರೆಯವರೊಂದಿಗೆ ಅದೇ ಸಾಲಿನಲ್ಲಿ ನಿಂತು, ಅದೇ ಮೆಟ್ಟಿಲು ಇಳಿದು ಬಿಲ್ವಪತ್ರೆ ಏರಿಸಿ ಬರುತ್ತೇವೆ. ಈ ಮನವಿಯ ಮರಾಠಿ ಪ್ರತಿಯನ್ನೂ ಲಗತ್ತಿಸಿದ್ದೇವೆ.

ಈ ದೇವಾಲಯದ ಹಿರಿಮೆಯನ್ನು ತಮಗೆ ವಿವರಿಸುವ ಅಗತ್ಯವಿಲ್ಲ. ಶಕ 982ರ, ಅಂದರೆ ಕ್ರಿ.ಶ. 1060ರ, ಶಾಸನವನ್ನು ಹೊತ್ತ ಭೂಮಿಜ ಶೈಲಿಯ ಈ ಗುಡಿ ಶಿಲಾಹಾರ ದೊರೆ ಮಾಮ್ವಾಣಿಯ ಹೆಸರನ್ನು ಇಂದಿಗೂ ಉಳಿಸಿದೆ. ಉತ್ತರ ಕೊಂಕಣದ ಶಿಲಾಹಾರರು ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತರಾಗಿ ಆಳ್ವಿಕೆ ಆರಂಭಿಸಿದವರು. ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ ಅವರು ಅಮೋಘವರ್ಷನನ್ನು ತಮ್ಮ ಅಧಿರಾಜನೆಂದು ಹೆಸರಿಸಿದ್ದಾರೆ. ಆ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಇದನ್ನು ಹೇಳುವುದು ಯಾವ ಹಕ್ಕು ಸಾಧಿಸಲೂ ಅಲ್ಲ. ಗುಡಿ ಈ ನೆಲದ್ದು, ಇಲ್ಲಿನ ಎಲ್ಲರದ್ದು. ಆದರೆ ಮಳಖೇಡದ ಸೀಮೆಯಿಂದ ಬಂದು ಕಲ್ಯಾಣದಲ್ಲಿ ಗಾರೆ ಕಲಸುವ ಕೂಲಿಯವನಿಗೆ ಈ ಸಂಬಂಧ ತಿಳಿದಾಗ ಅವನು ಆ ಕಲ್ಲುಗೋಡೆಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಅದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಗುಡಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆ ಇದೆ. ಜಾತ್ರೆಯ ಬಯಲಿಗೆ ಅಷ್ಟು ಸ್ಪಷ್ಟವಾದ ರಕ್ಷಣೆ ಇಲ್ಲ ಎಂಬುದು ನಮ್ಮ ಚಿಂತೆ. ಸಾಲು ನಿಲ್ಲುವ ಜಾಗ, ಬಳೆ-ಬೆಂಡು-ಬತ್ತಾಸಿನ ಅಂಗಡಿ ಹೂಡುವ ಜಾಗ, ಮಕ್ಕಳು ತೊಟ್ಟಿಲು ಏರುವ ಜಾಗ, ನದಿಯ ದಂಡೆ, ಇವೆಲ್ಲ ಸೇರಿಯೇ ಶಿವರಾತ್ರಿ. ಬಯಲು ಒತ್ತುವರಿಯಾಗುತ್ತಾ ಕಿರಿದಾದರೆ ಜನದಟ್ಟಣೆಯ ಒತ್ತಡವೆಲ್ಲ ಗುಡಿಯ ಗೋಡೆಯ ಮೇಲೆಯೇ ಬೀಳುತ್ತದೆ. ಸಾವಿರ ವರ್ಷದ ಶಿಲ್ಪಕ್ಕೆ ಆತು ನಿಲ್ಲುವ ಮೈಗಳು, ಎಣ್ಣೆ-ಕುಂಕುಮ ಹತ್ತಿದ ಕೈಗಳು ಹೆಚ್ಚಾಗುತ್ತವೆ. ಹಾಗಾಗಿ ಬಯಲನ್ನು ಕಾಯುವುದು ಸ್ಮಾರಕವನ್ನು ಕಾಯುವ ಕೆಲಸದ ಭಾಗವೇ ಎಂದು ತಾವು ಪರಿಗಣಿಸಬೇಕು.

ನಮ್ಮ ಮೊದಲ ಬೇಡಿಕೆ ಗಡಿಗೆ ಸಂಬಂಧಿಸಿದ್ದು. 2010ರ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರು ನಿಷೇಧಿತ ವಲಯ, ಅದರಾಚೆಗೆ 200 ಮೀಟರು ನಿಯಂತ್ರಿತ ವಲಯ. ತಮ್ಮ ಇಲಾಖೆ, ಕಂದಾಯ ಇಲಾಖೆ, ನಗರ ಪರಿಷತ್ತು ಮೂರೂ ಸೇರಿ ಜಂಟಿ ಅಳತೆ ಮಾಡಿ, ಗಡಿಕಲ್ಲು ನೆಟ್ಟು, ನಕ್ಷೆಯನ್ನು ಮರಾಠಿಯಲ್ಲಿ ಗುಡಿಯ ಬಾಗಿಲಲ್ಲೇ ಪ್ರದರ್ಶಿಸಬೇಕು. ಆ ನಕ್ಷೆಯಲ್ಲಿ ಜಾತ್ರೆಗೆ ರೂಢಿಯಿಂದ ಬಳಕೆಯಾಗುವ ತೆರೆದ ಜಾಗವನ್ನು ಬೇರೆ ಬಣ್ಣದಲ್ಲಿ ಗುರುತಿಸಬೇಕು. ಕಾಯ್ದೆಯ 20ಇ ಕಲಮಿನ ಪ್ರಕಾರ ಸಿದ್ಧವಾಗಬೇಕಾದ ಪಾರಂಪರಿಕ ಉಪವಿಧಿಗಳಲ್ಲಿ ಈ ಬಯಲನ್ನು ತೆರೆದ ಜಾಗವಾಗಿಯೇ ಉಳಿಸುವ ಮಾತು ಸೇರಬೇಕು.

ಎರಡನೆಯದು ಹಣದ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳಲು ಅಪ್ಪಣೆ ಬೇಕು, ಏಕೆಂದರೆ ನಮ್ಮ ಜನರ ಉತ್ಸಾಹ ಪ್ರತಿ ಸಲವೂ ಇಲ್ಲಿಯೇ ಮುಗ್ಗರಿಸುತ್ತದೆ. ಕೊಡುವ ಮನಸ್ಸು ಇದೆ. ಹೋಟೆಲಿನ ಗಲ್ಲಾದಿಂದ ಹಿಡಿದು ಮಹಿಳೆಯರ ಭಜನಾ ಮಂಡಳಿಯ ಡಬ್ಬಿಯವರೆಗೆ ಹಣ ಕೂಡಿಸುವ ರೂಢಿ ನಮ್ಮವರಿಗೆ ಹೊಸದಲ್ಲ. ಈ ಊರುಗಳಲ್ಲಿ ಕನ್ನಡ ಶಾಲೆ, ಸಂಘ, ಭಜನಾ ಮಂದಿರಗಳು ಎದ್ದದ್ದೇ ಹಾಗೆ. ಆದರೆ ಕೇಂದ್ರ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಕ್ಕೆಂದು ಕೊಟ್ಟ ಹಣ ಎಲ್ಲಿ ಜಮೆಯಾಗುತ್ತದೆ, ಯಾವುದಕ್ಕೆ ಖರ್ಚಾಗುತ್ತದೆ ಎಂದು ಕೇಳಿದರೆ ನಾವು ಉತ್ತರ ಕೊಡಲಾರೆವು. ದಾರಿ ಇಲ್ಲವೆಂದಲ್ಲ. 1996ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಕೃತಿ ನಿಧಿ ಇದಕ್ಕಾಗಿಯೇ ಇದೆ. ದಾನಿ ತಾನು ಬಯಸಿದ ಸ್ಮಾರಕವನ್ನು ಹೆಸರಿಸಿ ಕೊಡಬಹುದು, ಆದಾಯ ತೆರಿಗೆಯ ವಿನಾಯಿತಿಯೂ ಉಂಟು. ದಿಲ್ಲಿಯ ಹುಮಾಯೂನ್ ಸಮಾಧಿಯ ಉದ್ಯಾನ 2003ರಲ್ಲಿ ಹಳೆಯ ಕಳೆಗೆ ಮರಳಿದ್ದು ಇಂಥ ಒಪ್ಪಂದದ ಮೂಲಕವೇ. ಅಲ್ಲಿ ಹಣ ಕೊಟ್ಟದ್ದು ಆಗಾ ಖಾನರ ದೊಡ್ಡ ಟ್ರಸ್ಟು. ನಮ್ಮಲ್ಲಿ ನೂರು, ಐನೂರು ರೂಪಾಯಿ ಕೊಡುವವರೇ ಹೆಚ್ಚು. ಆದ್ದರಿಂದ ನಿಧಿಯಡಿಯಲ್ಲಿ ಅಂಬರನಾಥದ ಹೆಸರಿನಲ್ಲಿ ಪ್ರತ್ಯೇಕ ಯೋಜನೆ ತೆರೆಯಲು ತಾವು ಶಿಫಾರಸು ಮಾಡಬೇಕು. ಸಣ್ಣ ದೇಣಿಗೆಗೂ ರಸೀದಿ ಸಿಗಬೇಕು. ಖರ್ಚಿನ ಲೆಕ್ಕ ವರ್ಷಕ್ಕೊಮ್ಮೆ ಗುಡಿಯ ಆವರಣದ ಫಲಕದಲ್ಲಿ ಎಲ್ಲರ ಕಣ್ಣಿಗೆ ಬೀಳಬೇಕು. ಮಹಾರಾಷ್ಟ್ರ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯ್ದೆಯ 41ಸಿ ಕಲಮಿನಂತೆ ಧರ್ಮಾದಾಯ ಆಯುಕ್ತರ ಅನುಮತಿ ಪಡೆಯದೆ ನಾವು ಒಂದು ರೂಪಾಯಿಯನ್ನೂ ಎತ್ತುವುದಿಲ್ಲ.

ಜನರ ಹಣವೂ ಸರ್ಕಾರದ ಪರಿಣತಿಯೂ ಜೊತೆಗೂಡಬಲ್ಲವು ಎಂಬುದಕ್ಕೆ ಕರ್ನಾಟಕದಲ್ಲಿ ಮೇಲ್ಪಂಕ್ತಿ ಇದೆ. ಧರ್ಮಸ್ಥಳ ಮಂಜುನಾಥೇಶ್ವರ ಧರ್ಮೋತ್ಥಾನ ಟ್ರಸ್ಟು ರಾಜ್ಯ ಪುರಾತತ್ತ್ವ ಇಲಾಖೆಯ ಜೊತೆಗೂಡಿ ಹಾಳುಬಿದ್ದ ಎಷ್ಟೋ ಗುಡಿಗಳನ್ನು ಎತ್ತಿ ನಿಲ್ಲಿಸಿದೆ. ಅಲ್ಲಿ ಸರ್ಕಾರ, ಟ್ರಸ್ಟು, ಊರಿನವರು ಮೂವರೂ ವೆಚ್ಚ ಹಂಚಿಕೊಳ್ಳುತ್ತಾರೆ. ಊರಿನವರ ಪಾಲು ಚಿಕ್ಕದೇ ಇರಬಹುದು, ಆದರೆ ಕೆಲಸ ಮುಗಿದ ಮೇಲೆ ಗುಡಿಯ ಸುತ್ತ ಕಳೆ ಕೀಳುವವರು ಆ ಪಾಲು ಕೊಟ್ಟವರೇ.

ಹಣಕ್ಕಿಂತ ನಮ್ಮಲ್ಲಿ ಹೆಚ್ಚಾಗಿ ಇರುವುದು ಕೈಗಳು. ಜಾತ್ರೆಯ ಮುನ್ನಾದಿನ, ಜಾತ್ರೆಯ ರಾತ್ರಿ, ಮರುದಿನದ ಬೆಳಗು ಶ್ರಮದಾನಕ್ಕೆ ಬರಲು ಜನ ಸಿದ್ಧರಿದ್ದಾರೆ. ಅವರಿಗೆ ತಮ್ಮ ಇಲಾಖೆಯವರೇ ತರಬೇತಿ ಕೊಟ್ಟು, ಗುರುತಿನ ಚೀಟಿ ಕೊಟ್ಟು, ಮಾಡಬೇಕಾದ ಮತ್ತು ಮಾಡಬಾರದ ಕೆಲಸಗಳನ್ನು ಬರೆದು ತಿಳಿಸಬೇಕೆಂದು ಕೋರುತ್ತೇವೆ. ಭಕ್ತಿಯ ಭರದಲ್ಲಿ ಶಿಲ್ಪವನ್ನು ಸೋಪು, ಆಮ್ಲ, ತಂತಿಯ ಬ್ರಷ್ಷಿನಿಂದ ಉಜ್ಜುವುದು ಎಂಥ ಅನಾಹುತ ಎಂಬುದು ನಮಗೆ ಗೊತ್ತು. ಕಲ್ಲನ್ನು ಮುಟ್ಟುವ ಕೆಲಸ ಪರಿಣತರದ್ದು. ಸಾಲನ್ನು ನಿಭಾಯಿಸುವುದು, ವೃದ್ಧರನ್ನು ಕೈಹಿಡಿದು ಗರ್ಭಗುಡಿಯ ಮೆಟ್ಟಿಲು ಇಳಿಸುವುದು, ನಿರ್ಮಾಲ್ಯವನ್ನು ಪ್ಲಾಸ್ಟಿಕ್ಕಿನಿಂದ ಬೇರ್ಪಡಿಸಿ ಗೊಬ್ಬರಕ್ಕೆ ಕಳಿಸುವುದು, ಬಯಲನ್ನು ಗುಡಿಸುವುದು ನಮ್ಮದು.

ವಾಲಧುನಿಯ ಬಗ್ಗೆ ಬರೆಯುವಾಗ ಮನಸ್ಸು ನೋಯುತ್ತದೆ. ಗುಡಿಯ ಪಕ್ಕದಲ್ಲೇ ಹರಿದು, ಉಲ್ಹಾಸನಗರ ದಾಟಿ ಕಲ್ಯಾಣದತ್ತ ಸಾಗುವ ಈ ನದಿಗೆ ಕಾರ್ಖಾನೆಗಳ ರಾಸಾಯನಿಕವೂ ಊರಿನ ಕೊಳಚೆಯೂ ಸೇರಿರುವ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಗಿದೆ. ಶಿವರಾತ್ರಿಯಂದು ಮಿಂದು ಬರಬೇಕಾದ ನೀರಿನ ಪಕ್ಕದಲ್ಲಿ ಭಕ್ತರು ಮೂಗು ಮುಚ್ಚಿ ನಿಲ್ಲಬಾರದು. ಗುಡಿಯ ಮೇಲ್ಭಾಗದಲ್ಲಿ ನದಿಗೆ ಸೇರುವ ಪ್ರತಿಯೊಂದು ಮೋರಿಯನ್ನೂ ಮಾಲಿನ್ಯ ನಿಯಂತ್ರಣ ಮಂಡಳಿ ಮತ್ತು ನಗರ ಪರಿಷತ್ತು ಗುರುತಿಸಿ, ನೀರಿನ ಪರೀಕ್ಷೆಯ ಫಲಿತಾಂಶವನ್ನು ಜಾತ್ರೆಗೆ ಮೊದಲು ಪ್ರಕಟಿಸಬೇಕು. ಸಂರಕ್ಷಿತ ವಲಯವೆಂಬ ಕಾರಣಕ್ಕೆ ಚರಂಡಿ, ಶೌಚಾಲಯಗಳ ಕೆಲಸ ನಿಲ್ಲಬೇಕಾಗಿಲ್ಲ. ಪ್ರಾಚೀನ ಸ್ಮಾರಕಗಳ ಕಾಯ್ದೆಯ 2(ಡಿಸಿ) ಕಲಮು ಚರಂಡಿ ಹಾಗೂ ಸಾರ್ವಜನಿಕ ಶೌಚಾಲಯಗಳ ನಿರ್ವಹಣೆ, ಶುಚಿತ್ವ, ಸಾರ್ವಜನಿಕ ನೀರು ಪೂರೈಕೆಯನ್ನು 'ನಿರ್ಮಾಣ'ದ ವ್ಯಾಖ್ಯೆಯಿಂದಲೇ ಹೊರಗಿಟ್ಟಿದೆ. ಲಕ್ಷ ಜನ ಸೇರುವಲ್ಲಿ ಹೆಂಗಸರಿಗೆ ಶೌಚಾಲಯವಿಲ್ಲದಿರುವುದಕ್ಕೆ ಕಾನೂನಿನ ನೆಪ ಉಳಿದಿಲ್ಲ.

ಅಂಗಡಿ ಹೂಡುವ ಬಡವರ ಪರವಾಗಿಯೂ ಒಂದು ಮಾತು. ಪ್ರಾಚೀನ ಸ್ಮಾರಕಗಳ 1959ರ ನಿಯಮಗಳಲ್ಲಿ ಅಂಗೀಕೃತ ಧಾರ್ಮಿಕ ರೂಢಿಯ ಸಮಾವೇಶಕ್ಕೆ 7ನೇ ನಿಯಮ ಅವಕಾಶ ಕೊಡುತ್ತದೆ, ಸ್ಮಾರಕದೊಳಗಿನ ವ್ಯಾಪಾರವನ್ನು 8ನೇ ನಿಯಮ ತಡೆಯುತ್ತದೆ. ಎರಡೂ ಸರಿ. ಆದರೆ 8ನೇ ನಿಯಮದ ಹೆಸರಿನಲ್ಲಿ ಬಳೆಗಾರರನ್ನೂ ಹೂವಾಡಗಿತ್ತಿಯರನ್ನೂ ಇಡೀ ಬಯಲಿನಿಂದ ಎಬ್ಬಿಸಬಾರದು. ಆವರಣದ ಹೊರಗೆ ಅವರಿಗೆ ಸುಣ್ಣದ ಗೆರೆ ಎಳೆದು ಜಾಗ ಕೊಡಿ. ಆ ಗೆರೆ ದಾಟದಂತೆ ನೋಡಿಕೊಳ್ಳುವ ಹೊಣೆ ಸ್ವಯಂಸೇವಕರದ್ದು.

ಮುಂದಿನ ಮಹಾಶಿವರಾತ್ರಿಗೆ ಕನಿಷ್ಠ ಎರಡು ತಿಂಗಳು ಮೊದಲು ತಮ್ಮ ಅಧ್ಯಕ್ಷತೆಯಲ್ಲಿ, ಮೇಲೆ ಹೆಸರಿಸಿದ ಎಲ್ಲ ಕಚೇರಿಗಳ ಪ್ರತಿನಿಧಿಗಳು, ಗುಡಿಯ ಅರ್ಚಕರು, ಅಂಗಡಿಕಾರರು ಹಾಗೂ ಸ್ವಯಂಸೇವಕರು ಸೇರುವ ಸಭೆಯನ್ನು ಅಂಬರನಾಥದಲ್ಲಿಯೇ ಕರೆಯಬೇಕೆಂದೂ, ಪ್ರತಿಯೊಂದು ಬೇಡಿಕೆಗೂ ಲಿಖಿತ ಉತ್ತರ ನೀಡಬೇಕೆಂದೂ, ಯಾವುದನ್ನಾದರೂ ಒಪ್ಪಲಾಗದಿದ್ದರೆ ಅದರ ಕಾರಣವನ್ನು ಕಲಮು ಸಹಿತ ತಿಳಿಸಬೇಕೆಂದೂ ವಿನಂತಿಸುತ್ತೇವೆ.

ತಮ್ಮ ವಿಶ್ವಾಸಿಗಳು,
ಥಾಣೆ, ಕಲ್ಯಾಣ, ಡೊಂಬಿವಲಿ ಮತ್ತು ನವಿ ಮುಂಬಯಿಯ ಕನ್ನಡಿಗ ಭಕ್ತರು ಹಾಗೂ ಸ್ವಯಂಸೇವಕರು